ಇಕಿನ್ನ ಹಿಂಗ ಬಡೀಬೇಕು

ಪಾರ್ವತೆವ್ವನ ಕಥೆಯನ್ನು ನಾನು ಹೇಳಬಾರದು, ಯಾಕೆಂದರೆ ಅದನ್ನು ಕೆಡಿಸಿದವಳೇ ನಾನು. ಆದರೆ ಈ ಇಂಗ್ಲಿಷರ ನಾಡಿನ ನಮ್ಮ ಕನ್ನಡದವರ ಕೂಟಗಳಲ್ಲಿ ಈಗ ಇದನ್ನೊಂದು ತಮಾಷೆಯ ಪ್ರಸಂಗ ಮಾಡಿಕೊಂಡು ಚಹಾ ಜೊತೆ ಚಪ್ಪರಿಸುತ್ತಾರೆ. ಕೇಳಿ ಕೇಳಿ ನನಗೆ ಪಿತ್ತ ನೆತ್ತಿಗೇರಿದೆ. ಹೇಳುವುದೇ ಆದರೆ ನೆಟ್ಟಗೆ ಹೇಳೋಣ ಎಂದು ಕೂತಿದ್ದೇನೆ.

ಆಕೆ ಮುದ್ದೇಬಿಹಾಳದ ಕಡೆಯವಳು. ಐವತ್ತೆರಡು ವಯಸ್ಸು, ನನಗಿಂತ ಎರಡು ವರ್ಷ ಚಿಕ್ಕವಳು. ಗಂಡ ಮಲ್ಲಪ್ಪ ಟೂಟಿಂಗ್‌ನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದ, ಐದು ವರ್ಷದ ಹಿಂದೆ ತೀರಿಕೊಂಡ. ಮಕ್ಕಳಿಲ್ಲ. ಕೆಂಟನ್‌ನಲ್ಲಿ ಒಬ್ಬ ಗುಜರಾತಿ ಮುದುಕಿಯ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಗಂಡ ಇದ್ದಾಗಿನಿಂದಲೂ ಜೋಳದ ರೊಟ್ಟಿ ಬಡಿದು ಮಾರುವುದೇ ಆಕೆಯ ಕೆಲಸ. ಕೊಳ್ಳುವವರೆಲ್ಲ ಧಾರವಾಡ, ವಿಜಯಪುರ, ಕಲಬುರಗಿಯಿಂದ ಬಂದ ನಾವುಗಳು, ಅದರಲ್ಲೂ ಡಾಕ್ಟರುಗಳ ಮನೆಯವರೇ ಹೆಚ್ಚು. ದಿನಕ್ಕೆ ನೂರು ರೊಟ್ಟಿ, ಹಬ್ಬ ಬಂದರೆ ಅದಕ್ಕೂ ಹೆಚ್ಚು.

ಎರಡು ಚಳಿಗಾಲದ ಹಿಂದೆ ಆಕೆಯ ಬಲಗೈ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ತಟ್ಟೆ ಹಿಡಿದರೆ ಜಾರಿ ಬೀಳುತ್ತಿತ್ತು. ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಹೋಗಿ ನೋಡಿಸಿದರೆ, ಮಣಿಕಟ್ಟಿನ ನರ ಒತ್ತಿ ಹೋಗಿದೆ, ಕೈ ಬಡಿಯುವ ಕೆಲಸ ನಿಲ್ಲಿಸದಿದ್ದರೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ, ಬೆರಳುಗಳು ಪೂರ್ತಿ ಹೋಗುತ್ತವೆ ಎಂದರು. ಅಷ್ಟೊಂದು ಡಾಕ್ಟರುಗಳು ಆಕೆಯ ರೊಟ್ಟಿ ತಿನ್ನುತ್ತಿದ್ದರು, ಒಬ್ಬನಾದರೂ ಆ ಕೈ ನೋಡಿರಲಿಲ್ಲ. ನನ್ನ ಗಂಡನೂ ಅವರಲ್ಲೊಬ್ಬ.

ಇಂಟರ್ನೆಟ್ಟಿನಲ್ಲಿ ಅಡುಗೆಯ ವಿಡಿಯೋ ಚಾನೆಲ್ ಮಾಡುವ ಯೋಚನೆ ನನ್ನ ಮಗಳು ಅಮೂಲ್ಯಾಳದು. ಕಾಲೇಜಿನ ಹುಡುಗಿ, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ದಿನಕ್ಕೆ ನೂರು ಬಡಿಯುವ ಬದಲು ಕ್ಯಾಮೆರಾ ಮುಂದೆ ವಾರಕ್ಕೆ ಎರಡು ಬಡಿದು ತೋರಿಸಿದರೆ ಸಾಕು, ಜಾಹೀರಾತಿನ ದುಡ್ಡು ಬರುತ್ತದೆ, ಆಂಟಿಯ ಕೈ ಉಳಿಯುತ್ತದೆ ಎಂದಳು. ನಾನು ಕುಣಿದಾಡಿಬಿಟ್ಟೆ. ಸಾವಿರ ಜನ ಚಂದಾದಾರರಾಗಬೇಕು, ವರ್ಷದೊಳಗೆ ಜನ ಒಟ್ಟು ನಾಲ್ಕು ಸಾವಿರ ಗಂಟೆ ನೋಡಿರಬೇಕು, ಅಲ್ಲಿಯವರೆಗೆ ಒಂದು ಪೆನ್ನಿಯೂ ಇಲ್ಲ ಎಂಬ ವಿಡಿಯೋ ಕಂಪನಿಯ ನಿಯಮ ನಮಗೆ ಆಮೇಲೆ ಗೊತ್ತಾಯಿತು. ನಾಲ್ಕು ಸಾವಿರ ಗಂಟೆ ಅಂದರೆ ಎಷ್ಟಾದೀತು ಎಂದು ಪಾರ್ವತೆವ್ವ ಕೇಳಿದಳು. ಆಗಿಬಿಡುತ್ತದೆ ಬಿಡಿ ಎಂದೆ. ಏನು ತಿಳಿದಿತ್ತು ನನಗೆ, ಮಣ್ಣು.

ಶನಿವಾರ ಶನಿವಾರ ಹೋಗಿ ವಿಡಿಯೋ ಮಾಡಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜುಣಕ. ಒಂದಕ್ಕೆ ನಲವತ್ತು ಜನ, ಇನ್ನೊಂದಕ್ಕೆ ಅರವತ್ತು. ಕನ್ನಡ ಸಂಘದಲ್ಲಿ ಸಿಕ್ಕವರೆಲ್ಲ ಭಾಳ ಛಲೋ ಅದ, ಭಾಳ ಛಲೋ ಅದ ಎನ್ನುವವರೇ. ಒಬ್ಬರೂ ಅರ್ಧ ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ, ಆ ಲೆಕ್ಕ ನಮಗೆ ಕಾಣುತ್ತಿತ್ತು. ಪೂರ್ತಿ ನೋಡಿದ ನಾಲ್ಕೈದು ಮನೆಯವರು ರೊಟ್ಟಿ ಕಲಿತು, ಕೊಳ್ಳುವುದನ್ನೇ ಬಿಟ್ಟರು. ನಾವೇ ಬಡಿದೆವು ನೋಡಿ ಎಂದು ಫೋಟೋ ಬೇರೆ ಕಳಿಸಿದರು. ಪಾರ್ವತೆವ್ವ ಆ ಫೋಟೋಗಳನ್ನು ನೋಡಿ ಅಂಚು ಸೀಳಿದೆ ಎಂದಷ್ಟೇ ಹೇಳಿದಳು. ಬಾಡಿಗೆ ಕಟ್ಟಬೇಕಲ್ಲ, ಉಳಿದವರಿಗಾಗಿ ಜೋಮು ಹಿಡಿದ ಕೈಯಲ್ಲೇ ಬಡಿಯುತ್ತಿದ್ದಳು.

ನಮ್ಮ ಮಕ್ಕಳಿಗೆ ತಿಳಿಯಲಿ ಎಂದು ವಿಡಿಯೋದ ಕೆಳಗೆ ಇಂಗ್ಲಿಷ್ ಸಾಲು ಹಾಕುವ ಕೆಲಸ ನಾನು ವಹಿಸಿಕೊಂಡೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳಲ್ಲವೇ ನಾನು. ಪಾರ್ವತೆವ್ವ ಹಿಟ್ಟಿನ ಮುದ್ದೆಯನ್ನು ‘ಇಕಿ’, ಅಂದರೆ ಇವಳು, ಎನ್ನುತ್ತಾಳೆ, ಮನೆಯ ಮಗಳನ್ನು ಕರೆದಂತೆ. “ಇಕಿನ್ನ ಹಿಂಗ ಬಡೀಬೇಕು. ಮೆತ್ತಗ ಬಡದ್ರ ಮಾತು ಕೇಳಂಗಿಲ್ಲ,” ಎಂದು ನಗುತ್ತಾ ಹೇಳಿದ್ದಳು. ಇಂಗ್ಲಿಷಿನಲ್ಲಿ ಹಿಟ್ಟಿಗೆ ‘ಇಟ್’ ಎನ್ನಬೇಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ಆ ಮಾತಿನ ಅಕ್ಕರೆ ಹೋಗಬಾರದೆಂದು ಶಬ್ದಕ್ಕೆ ಶಬ್ದ ಇಟ್ಟೆ: ಬೀಟ್ ಹರ್ ಲೈಕ್ ದಿಸ್. ಇಫ್ ಯು ಬೀಟ್ ಹರ್ ಸಾಫ್ಟ್ಲಿ, ಶಿ ವಿಲ್ ನಾಟ್ ಲಿಸನ್. ಬರೆದು, ಎಷ್ಟು ಚೆನ್ನಾಗಿ ಬಂತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ವಿಡಿಯೋ ಓಡಿತು. ಅಂತಿಂಥ ಓಟವಲ್ಲ, ಎರಡು ವಾರದಲ್ಲಿ ಸಾವಿರ ಚಂದಾದಾರರೂ ಆದರು, ನಾಲ್ಕು ಸಾವಿರ ಗಂಟೆಯೂ ದಾಟಿತು. ನಾನು ನಮ್ಮ ಕಡೆಯ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗಿ, ಧಾರವಾಡ ಪೇಡೆ ಸಿಗದೆ ಇನ್ನಾವುದೋ ಪೇಡೆ ತಂದೆ. ಕಂಪನಿಗೆ ಅರ್ಜಿ ಹಾಕಿದೆವು. ದುಡ್ಡು ಬರುತ್ತದೆ, ಇನ್ನು ಹಬ್ಬದ ಆರ್ಡರ್ ಹಿಡಿಯಬೇಡಿ ಎಂದು ಪಾರ್ವತೆವ್ವನಿಗೆ ಹೇಳಿದವಳೂ ನಾನೇ. ಆಕೆ ನಂಬಿ, ಬಂದವರನ್ನೆಲ್ಲ ಬೇಡ ಎಂದು ಕಳಿಸಿದಳು. ಅವರು ಅಂಗಡಿಯಲ್ಲಿ ಸಿಗುವ ಕಡಕ್ ರೊಟ್ಟಿಗೆ ಹೋದರು.

ಮೂರು ವಾರದ ಮೇಲೆ ಉತ್ತರ ಬಂತು. ಹೆಂಗಸರ ಮೇಲಿನ ಹಿಂಸೆಗೆ ಪ್ರಚೋದನೆ ಕೊಡುವ ಚಾನೆಲ್, ಇದಕ್ಕೆ ಜಾಹೀರಾತಿಲ್ಲ. ವಿಡಿಯೋವನ್ನೂ ತೆಗೆದುಹಾಕಿದ್ದರು. ಅಮೂಲ್ಯಾ ಹುಡುಕಿ ನೋಡಿದಾಗ ನಮ್ಮ ವಿಡಿಯೋ ಯಾಕೆ ಓಡಿತೆಂದು ಗೊತ್ತಾಯಿತು. ಯಾವನೋ ಹನ್ನೆರಡು ಸೆಕೆಂಡು ಕತ್ತರಿಸಿಕೊಂಡಿದ್ದ. ಪಾರ್ವತೆವ್ವನ ನಗುಮುಖ, ಏಳುತ್ತ ಬೀಳುತ್ತ ಇರುವ ಕೈ, ಕೆಳಗೆ ನನ್ನ ಇಂಗ್ಲಿಷ್. ಹಿಟ್ಟು ಕಾಣದಂತೆ ಕತ್ತರಿಸಿದ್ದ. ಇಪ್ಪತ್ತು ಲಕ್ಷ ಜನ ನೋಡಿ, ನಕ್ಕು, ಉಗಿದು ಹೋಗಿದ್ದರು. ಅವರಲ್ಲೇ ಕೆಲವರು ಮೂಲ ಹುಡುಕಿಕೊಂಡು ನಮ್ಮ ಚಾನೆಲ್ಲಿಗೆ ಬಂದಿದ್ದರು. ಅವನ ಪುಟಕ್ಕೆ ಜಾಹೀರಾತು ಇತ್ತು. ಅಮೂಲ್ಯಾ ಇದು ರೊಟ್ಟಿ ಎಂದು ವಿವರವಾಗಿ ಮೇಲ್ಮನವಿ ಬರೆದಳು. ಎರಡೇ ದಿನಕ್ಕೆ ಅದೇ ಸಾಲು ತಿರುಗಿ ಬಂತು, ಇದೇ ಕೊನೆಯ ತೀರ್ಮಾನ ಎಂಬ ಮಾತಿನೊಂದಿಗೆ. ಆ ಕಡೆ ಮನುಷ್ಯರು ಯಾರಾದರೂ ಇದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೇಳಲಿಕ್ಕೆ ನಾನೊಬ್ಬಳೇ ಹೋದೆ. ಮಧ್ಯಾಹ್ನ, ಆಕೆ ಕೈಯನ್ನು ಬಿಸಿನೀರಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಬರೆದ ಸಾಲಿನಿಂದ ಹೀಗಾಯಿತು ಎಂದೆ. ಏನು ಬರೆದಿದ್ದೆ ಎಂದು ಕೇಳಿದಳು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರೆ ಆಕೆ ಆಡಿದ ಮಾತೇ ಆಯಿತು, ಒಂದಕ್ಷರ ಆಚೀಚೆ ಇಲ್ಲ.

“ನಾ ಹಂಗ ಅಂದೀನಲ್ರಿ ಅಕ್ಕಾರ. ಅದ್ರಾಗ ತಪ್ಪೇನೈತಿ?”

ಇಂಗ್ಲಿಷಿನಲ್ಲಿ ಓದಿದವರಿಗೆ ಅದು ಹಿಟ್ಟಲ್ಲ, ಹೆಂಗಸು ಎಂದು ಬಿಡಿಸಿ ಹೇಳಬೇಕಾಯಿತು. ಹೆಂಗಸನ್ನು ಬಡಿಯಿರಿ ಎಂದು ನೀವು ಹೇಳಿಕೊಟ್ಟಿದ್ದೀರಿ ಅಂತ ಬಂದ್ ಮಾಡಿದ್ದಾರೆ ಎಂದೆ. ಆಕೆ ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅಳುತ್ತಾಳೆ, ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ನಮ್ಮ ಮನಿಯವರು ಇಪ್ಪತ್ತಾರು ವರ್ಷ ನನ್ನ ಬಡದಾರ್ರಿ. ಇದ ಕೋಣ್ಯಾಗೂ ಬಡದಾರ. ನೀವೆಲ್ಲಾ ಬರ್ತಿದ್ರಿ, ಮಾರಿ ನೋಡ್ತಿದ್ರಿ, ರೊಟ್ಟಿ ತಗೊಂಡು ಹೋಗ್ತಿದ್ರಿ,” ಎಂದಳು. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಜೋಳದ ಬೆಲೆ ಹೇಳುವ ಹಾಗೆ.

ನೋಡಿದ್ದೆ. ಕಣ್ಣ ಕೆಳಗೆ ಕಪ್ಪುಗಟ್ಟಿದ್ದನ್ನು ಒಂದಲ್ಲ, ಎರಡಲ್ಲ, ಎಷ್ಟೋ ಸಲ ನೋಡಿದ್ದೆ. ನಿದ್ದೆ ಇಲ್ಲವೇನೋ ಎಂದುಕೊಂಡು ರೊಟ್ಟಿಯ ಡಬ್ಬಿ ಎತ್ತಿಕೊಂಡು ಕಾರಿಗೆ ಹೋಗಿದ್ದೆ. ನನಗೆ ನನ್ನ ಮೇಲೆ ಹೇಸಿಗೆ ಬಂತು.

ಪರ್ಸಿನಿಂದ ದುಡ್ಡು ತೆಗೆದೆ, ಕೈ ಗುಣವಾಗುವವರೆಗೆ ಬಾಡಿಗೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಆಕೆ ಅದನ್ನು ಮುಟ್ಟಲೇ ಇಲ್ಲ. ದುಡಿಯದ ರೊಕ್ಕ ತನಗೆ ಬೇಡ ಎಂದಳು. ಎದ್ದು ಸ್ಟವ್ ಮೇಲೆ ಹಂಚು ಇಟ್ಟಳು. ಹಿಟ್ಟಿನ ಡಬ್ಬಿಯ ಮುಚ್ಚಳ ಬಲಗೈಗೆ ಬರಲಿಲ್ಲ, ಎದೆಗೆ ಒತ್ತಿ ಹಿಡಿದು ಎಡಗೈಯಿಂದ ತೆಗೆದಳು.

“ಈ ವಾರ ನಿಮಗ ಎಷ್ಟು ಬೇಕ್ರಿ ಅಕ್ಕಾರ?”

ಬೇಡ ಎಂದರೆ ಆಕೆಗೆ ಬಾಡಿಗೆ ಇಲ್ಲ. ಬೇಕು ಎಂದರೆ ಆ ಕೈ ಇಲ್ಲ. ನಾನು ಬಾಗಿಲ ಹತ್ತಿರ ನಿಂತು, ಆಕೆಯ ಮುಖ ನೋಡದೆ, ನಲವತ್ತು ಎಂದೆ.