ಮಗುಟ ಉಟ್ಟ ಮೀನು

ಅದು ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ. ಆಗ ನನಗೆ ಮೂವತ್ತನಾಲ್ಕು ವರ್ಷ. ಇಷ್ಟನ್ನು ಮೊದಲೇ ನಿಗದಿಪಡಿಸಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಲಿರುವ ಸಂಗತಿಯಲ್ಲಿ ಖಚಿತವಾಗಿ ಹೇಳಬಹುದಾದದ್ದು ಬಹಳ ಕಡಿಮೆ. ನಿನ್ನೆ ಬೆಳಿಗ್ಗೆ ತುಮಕೂರಿನ ನಮ್ಮ ಸದಾಶಿವನಗರದ ಬೀದಿಯ ತುದಿಯಲ್ಲಿ ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಲು ತರಲು ಹೊರಟಿದ್ದ ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು ಏನೋ ಅಂದು ಹೋದ. ಪಂಕ್ಚರ್ ಸೊಲ್ಯೂಷನ್ನಿನಿಂದ ನಿಮಗೆ ಸೈಕಲ್ಲು ನೆನಪಾಗಬಹುದು. ನನಗೆ ನೆನಪಾಗುವುದು ಸಮುದ್ರ.

ತುಮಕೂರಿನಲ್ಲಿ ಸಮುದ್ರವಿಲ್ಲ ಎಂಬುದನ್ನು ನಾನು ಬಲ್ಲೆ. ಸ್ವಲ್ಪ ತಾಳ್ಮೆಯಿರಲಿ. ಆ ಕಾಲದಲ್ಲಿ ನಾನು ದಿನವೂ ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿನ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಕೊಠಡಿಗೆ ಹಾವು ನುಗ್ಗಿದೆ ಎಂದು ಹೇಳಲು ಬಂದವನನ್ನೂ ಕರ್ತೃಪದ ಎಲ್ಲಯ್ಯಾ ಎಂದು ನಿಲ್ಲಿಸಿಕೊಳ್ಳುವ ಮೇಷ್ಟರು ಎಂದು ಹುಡುಗರು ನನ್ನನ್ನು ಅಣಕಿಸುತ್ತಿದ್ದರಂತೆ. ಹಾವಿನ ಮಾತು ಸುಳ್ಳು. ಕಪ್ಪೆಯ ವಿಷಯದಲ್ಲಿ ಒಮ್ಮೆ ಹಾಗಾದದ್ದುಂಟು.

ನನ್ನ ಅಣ್ಣ ಸರ್ಕಾರಿ ನೌಕರಿಯಲ್ಲಿ ಕಾರವಾರಕ್ಕೆ ವರ್ಗವಾಗಿದ್ದ. ಲಿಂಗಪೂಜೆಯಾಗದೆ ತೊಟ್ಟು ನೀರು ಕುಡಿಯದ ಮನೆಯಲ್ಲಿ ಹುಟ್ಟಿದ ಇವನು ಅಲ್ಲಿ ಸಂಜೆಯ ಹೊತ್ತು ಬಂಡೆಯ ಮೇಲೆ ನಿಂತು ಕಡಲಿಗೆ ಗಾಳ ಎಸೆಯುವ ಅಭ್ಯಾಸ ಮಾಡಿಕೊಂಡ. ತಿನ್ನುತ್ತಿರಲಿಲ್ಲ, ಸಿಕ್ಕಿದ್ದನ್ನು ನೆರೆಯವರಿಗೆ ಕೊಡುತ್ತಿದ್ದ, ಇಲ್ಲವೇ ನೀರಿಗೇ ಬಿಡುತ್ತಿದ್ದ. ಆ ವರ್ಷದ ಸಂಕ್ರಾಂತಿಗೆ ಊರಿಗೆ ಬಂದಾಗ ಅವನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪಂಚೆಗಳ ನಡುವೆ ಗೇಣುದ್ದದ ಒಂದು ಮರದ ಮೀನು ಅಮ್ಮನ ಕೈಗೆ ಸಿಕ್ಕಿತು. ಅದರ ಹೊಟ್ಟೆಯ ಕೆಳಗೆ ಕೊಕ್ಕೆಗಳು. ಮೈಮೇಲೆ ಹಾವುಮೀನಿನ ಒಣಗಿದ ತೊಗಲನ್ನು ಕಾಲುಚೀಲದಂತೆ ಎಳೆದು ಕಟ್ಟಿತ್ತು. ದೊಡ್ಡ ಮೀನುಗಳು ಇದನ್ನೇ ನಿಜವಾದ ಮೀನೆಂದು ನಂಬಿ ನುಂಗಲು ಬರುತ್ತವಂತೆ. ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದು ಅಣ್ಣ ಹೇಳಿದ್ದರಿಂದ ನಾನು ‘ಹುಸಿಮೀನು’ ಎಂಬ ಪದವನ್ನು ರಚಿಸಿಕೊಟ್ಟೆ. ಆ ಗಳಿಗೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ.

ಅಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ತಂದಿಟ್ಟು ಕೈ ತೊಳೆದುಕೊಂಡಳು.

“ಏನ್ಲಾ ಇದು?”

“ಮರದ್ದು ಕಣಮ್ಮ.”

“ಮರ ಗೊತ್ತು. ಮೇಲಿಂದು ಏನು?”

ಅಣ್ಣ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತ. ಅಮ್ಮನೇ ಮುಂದುವರಿಸಿದಳು:

“ತೊಗಲು. ಇದನ್ನ ಪಂಚೆ ಜೊತೆ ಇಟ್ಕೊಂಡು ಬಂದಿದೀಯ. ನೋಡು, ಈ ತೊಗಲು ಇರೋ ಮನೇಲಿ ನಾನು ನೀರು ಮುಟ್ಟಲ್ಲ. ಆಮೇಲೆ ನನ್ನ ಕರೀಬೇಡ.”

ಈ ಕೊನೆಯ ಮಾತಿನ ಭಾರ ನಿಮಗೆ ತಿಳಿಯಬೇಕಾದರೆ ಅತ್ತಿಗೆಯ ವಿಷಯ ಹೇಳಬೇಕು. ಆಕೆಗೆ ಅದು ಐದನೆಯ ತಿಂಗಳು. ಹಿಂದೆ ಒಂದು ಬಾರಿ ಕೂಸು ನಿಂತಿರಲಿಲ್ಲ. ಹೆತ್ತ ತಾಯಿಯಿಲ್ಲದ ಹೆಣ್ಣು. ದೂರ ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಹಬ್ಬಕ್ಕೂ ಬಂದಿರಲಿಲ್ಲ. ಬಾಣಂತನಕ್ಕೆ ಅಮ್ಮನೇ ಕಾರವಾರಕ್ಕೆ ಹೋಗಬೇಕಾಗಿತ್ತು. ಅಮ್ಮ ಹೋಗದಿದ್ದರೆ ಆ ಊರಿನಲ್ಲಿ ಆಕೆಗೆ ಒಂದು ಚೊಂಬು ಬಿಸಿನೀರು ಕಾಯಿಸಿಕೊಡುವವರಿರಲಿಲ್ಲ.

ಹಾಗಿದ್ದರೆ ಆ ಮರದ ತುಂಡನ್ನು ಎಸೆದುಬಿಡಬಾರದೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅಣ್ಣ ಬಾವಿಕಟ್ಟೆಯ ಮೇಲಿಂದಲೇ, “ಅಲ್ಲಿ ಸಂಜೆ ಹೊತ್ತು ಹೋಗಲ್ಲ ಕಣೋ. ಆ ಕೂಸು ಹೋದಾಗಿಂದ ಇಬ್ರೂ ಮಾತಾಡಿದ್ರೆ ಅಳ್ತೀವಿ. ದಾರ ಎಸೆದು ನಿಂತ್ರೆ ತಲೆ ಹಗುರ ಆಗುತ್ತೆ. ಬಿಡು ಅಂದ್ರೆ ಬಿಡ್ತೀನಿ, ಆದ್ರೆ ಆ ಮನೇಲಿ ಹೆಂಗಿರ್ತೀನೋ ಗೊತ್ತಿಲ್ಲ” ಎಂದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅಲ್ಲಿಂದಲೇ, “ತೊಗಲು ಬೇಡ ಅಂದೆ. ಮರ ಬೇಡ ಅಂದ್ನಾ?” ಎಂದಳು.

ನಾನು ಕಕ್ಕಾಬಿಕ್ಕಿಯಾದೆ. ಜೀವ ಹೋಗುವುದು ಕೊಕ್ಕೆಯಿಂದ, ತೊಗಲಿನಿಂದಲ್ಲ. ಈ ಅಂಶವನ್ನು ಸ್ಪಷ್ಟ ವಾಕ್ಯದಲ್ಲಿ ಸಭೆಯ ಮುಂದಿಟ್ಟೆ. ಇಬ್ಬರೂ ನನ್ನ ಕಡೆ ತಿರುಗಿದರು. “ನೀನು ಸುಮ್ನಿರು ಮೇಷ್ಟ್ರೇ” ಎಂದ ಅಣ್ಣ. “ನಿನ್ನ ಯಾರು ಕೇಳಿದ್ರು?” ಎಂದಳು ಅಮ್ಮ. ಅವರಿಬ್ಬರೂ ಒಮ್ಮತದಿಂದ ಮಾತನಾಡಿದ್ದು ಆ ದಿನ ಅದೊಂದೇ ಬಾರಿ.

ತೊಗಲಿಗೆ ಬದಲಿ ಹುಡುಕುವ ಕೆಲಸ ಹೀಗೆ ನನ್ನ ಪಾಲಿಗೆ ಬಂತು. ಪರೀಕ್ಷೆ ಮಾಡಿ ನೋಡಲೆಂದು ಹಿತ್ತಲಿನ ಕಲ್ಲುತೊಟ್ಟಿಗೆ ನೀರು ತುಂಬಿಸಿ, ಕಲ್ಲುಪ್ಪು ಸುರಿದು, ಅಣ್ಣ ನಾಲಗೆಯಲ್ಲಿ ನೋಡಿ ಇದು ಸಮುದ್ರವೇ ಎಂದು ಒಪ್ಪುವವರೆಗೂ ಕದಡಿದೆ. “ಉಪ್ಪಿನಕಾಯಿಗೂ ಇಷ್ಟು ಸುರಿಯಲ್ಲ ಕಣೋ” ಎಂದು ಅಮ್ಮ ಗೊಣಗಿದಳು. ಗುಬ್ಬಿಯ ಬಸ್ ನಿಲ್ದಾಣದ ಬಳಿ ಸೈಕಲ್ ಅಂಗಡಿ ಇಟ್ಟಿದ್ದ ಬಾಷಾ ಸಾಬರಿಂದ ಒಂದು ಹಳೆಯ ಟ್ಯೂಬ್ ತಂದೆ.

“ಯಾವ ಗಾಡಿಗೆ ಸ್ವಾಮಿ?”

“ಗಾಡಿಗಲ್ಲ, ಮೀನಿಗೆ.”

ಸಾಬರು ನನ್ನ ಮುಖವನ್ನೂ ಹಣೆಯ ವಿಭೂತಿಯನ್ನೂ ನೋಡಿದರು. “ಗಾಳಿ ತುಂಬಿ ಕೊಡ್ಲಾ?” ಎಂದಷ್ಟೇ ಕೇಳಿದರು.

ಟ್ಯೂಬನ್ನು ಕತ್ತರಿಸಿ, ಸೊಲ್ಯೂಷನ್ ಹಚ್ಚಿ ಮರದ ಮೀನಿಗೆ ಬಿಗಿದೆ. “ಚಪ್ಪಲಿ ತೇಲ್ತಾ ಇದ್ದಂಗಿದೆ” ಎಂದು ಅಣ್ಣ ತಳ್ಳಿಹಾಕಿದ. ಹಳದಿ ಬಲೂನು ತೊಡಿಸಿ ನೋಡಿದೆ; ಬಿಸಿಲಿಗೂ ಉಪ್ಪಿಗೂ ಅಂಟಂಟಾಗಿ ಕಿತ್ತುಬಂತು. ನಾಟಕದ ಕಿರೀಟಗಳಿಗೆ ಅಂಟಿಸುವ ಬೇಗಡೆ ತಂದು ಸುತ್ತಿದಾಗ ಮಾತ್ರ ಅದು ಮೀನಿನಂತೆಯೇ ಥಳಥಳಿಸಿತು. ನನಗೆ ಹೆಮ್ಮೆಯೆನಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಅಂಟು ಕರಗಿ, ಬೇಗಡೆಯೆಲ್ಲ ತೊಟ್ಟಿಯ ತಳ ಸೇರಿ, ಮೀನು ಬೆತ್ತಲೆಯಾಗಿ ತೇಲುತ್ತಿತ್ತು.

ಅಣ್ಣನ ರಜೆ ಮುಗಿಯುತ್ತ ಬಂದಾಗ ಅಮ್ಮನೇ ಪೆಟ್ಟಿಗೆ ತೆಗೆದು ತನ್ನ ಹಳೆಯ ಮಗುಟವನ್ನು ಹೊರಕ್ಕೆಳೆದಳು. ಪೂಜೆಯ ಹೊತ್ತಿಗೆಂದೇ ವರ್ಷಗಟ್ಟಲೆ ಉಟ್ಟ ರೇಷ್ಮೆ ಸೀರೆ. ಹಸಿರು ಬಣ್ಣ ಮಾಸಿ, ನೀಲಿಯೆಂದೂ ಹೇಳಲಾಗದ ಒಂದು ಬಣ್ಣಕ್ಕೆ ತಿರುಗಿತ್ತು. ಅಂಚಿನ ಜರಿ ಇನ್ನೂ ಮಿನುಗುತ್ತಿತ್ತು. ಅದರಿಂದ ಒಂದು ಪಟ್ಟಿ ಹರಿದು, ಮರದ ಮೀನಿಗೆ ಕುಪ್ಪಸದಂತೆ ಅಳತೆ ಹಿಡಿದು, ಜರಿ ಬೆನ್ನಿಗೆ ಬರುವ ಹಾಗೆ ಹೊಲಿದಳು. “ಇದು ಮಡಿ. ಇದಕ್ಕೆ ಏನೂ ದೋಷ ಇಲ್ಲ” ಎಂದಳು. ತೊಟ್ಟಿಯಲ್ಲಿ ಎಳೆದು ನೋಡಿದಾಗ ಅದು ಬಳುಕಿತು. ಅಣ್ಣ ಮೊದಲ ಬಾರಿಗೆ ನಕ್ಕ. ಆದರೆ ಅವನು ಸುಳ್ಳು ಹೇಳುವವನಲ್ಲ. “ಇದಕ್ಕೆ ಮೀನು ಬಾಯಿ ಹಾಕಿದ್ರೆ ತೊಗಲು ಸಮುದ್ರಕ್ಕೆ ಎಸೀತೀನಿ ಕಣಮ್ಮ. ಹಾಕ್ದಿದ್ರೆ ಏನ್ ಮಾಡ್ತೀನೋ, ಈಗ ಮಾತು ಕೊಡಕ್ಕಾಗಲ್ಲ” ಎಂದು ಹೇಳಿ, ಬಿಚ್ಚಿಟ್ಟಿದ್ದ ತೊಗಲನ್ನೂ ಕಟ್ಟಿಕೊಂಡು ಹೋದ.

ಅಲ್ಲಿಂದ ಮುಂದೆ ಮೀನಿನದೇ ಚಿಂತೆ. ಕಡಲು ಕೆಟ್ಟಿದೆ, ಕಚೇರಿಯಲ್ಲಿ ಬಿಡುವಿಲ್ಲ, ಎಸೆದು ನೋಡಿದೆ ಏನೂ ಮುಟ್ಟಲಿಲ್ಲ ಎಂದೇ ಅವನು ಬರೆಯುತ್ತಿದ್ದ. ಏಪ್ರಿಲ್ ಬಂತು. ಅಮ್ಮ ನನ್ನನ್ನು ತನ್ನ ಜೊತೆ ಯಡಿಯೂರಿಗೆ ಹೊರಡಿಸಿದಳು. ದಾರಿಯಲ್ಲಿ ಕುಣಿಗಲ್‌ನಲ್ಲಿ ಇಳಿದು ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿದೆವು. ಅವರದು ರೇಷ್ಮೆಹುಳ ಸಾಕಿ ನೂಲು ತೆಗೆಯುವ ಮನೆ. ಹಿತ್ತಲಿನ ಹಂಡೆಯಲ್ಲಿ ಗೂಡುಗಳು ಕುದಿಯುತ್ತಿದ್ದವು. ಆ ವಾಸನೆಯಲ್ಲಿ ನನಗೆ ಹಳೆಯ ಗೊಂದಲ ಮರುಕಳಿಸಿತು.

“ಅಮ್ಮ, ಇಲ್ಲಿ ಹುಳ ಬೇಯ್ತಾ ಇದೆಯಲ್ಲ. ಇದು ಹೆಂಗೆ ಮಡಿ?”

ಅಮ್ಮ ಹಂಡೆಯನ್ನು ನೋಡಿದಳು. “ಇದು ಹುಳ ಉಗುಳಿದ್ದು ಕಣೋ. ಅದು ಸುಲಿದಿದ್ದು.”

ಉತ್ತರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರಲ್ಲಿ ತಪ್ಪೆಲ್ಲಿದೆ ಎಂದು ಯಡಿಯೂರಿನವರೆಗೂ ಹುಡುಕಿದೆ. ಅಲ್ಲಿ ಗದ್ದುಗೆಯ ಮುಂದೆ ಅಮ್ಮ ಸೆರಗೊಡ್ಡಿ ನಿಂತು, ಪಕ್ಕದಲ್ಲಿದ್ದ ನನಗೂ ಕೇಳುವಂತೆ ಬೇಡಿಕೊಂಡಳು: “ಸಿದ್ಧಲಿಂಗಪ್ಪ, ನಮ್ಮ ದೊಡ್ಡೋನ ಬಟ್ಟೆ ಮೀನಿಗೆ ಒಂದು ಮೀನು ಬೀಳಿಸು ತಂದೆ. ಆ ಹೆಣ್ಣುಮಗಳನ್ನ ನೋಡ್ಕೊಳ್ಳೋರು ಯಾರೂ ಇಲ್ಲ.” ಜೀವಹಿಂಸೆ ಕೂಡದೆಂದು ಬಾಗಿಲಿಗೆ ಬಂದ ಇರುವೆಗೂ ಸಕ್ಕರೆ ಹಾಕುತ್ತಿದ್ದವಳು. ಪೂಜಾರಿಗೂ ಅದು ಕೇಳಿಸಿರಬೇಕು. ಕೈಯಲ್ಲಿದ್ದ ಹೂವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಮೇ ತಿಂಗಳಲ್ಲಿ, ದಿನ ತುಂಬಿದ ಸುದ್ದಿ ಬಂದ ಮೇಲೆ, ಅಮ್ಮ ಕಾಯಲಿಲ್ಲ. ತುಮಕೂರಿನ ನೀರನ್ನು ಕೊಡದಲ್ಲಿ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ಕಾರವಾರಕ್ಕೆ ಹೊರಟಳು. ಆ ಕೊಡ ದಾರಿಯಲ್ಲೇ ಬರಿದಾಯಿತು. ಬೆಳಿಗ್ಗೆ ಅಣ್ಣನ ಮನೆ ತಲುಪಿದಾಗ ಒಳಗೆ ಬಾರದೆ ಜಗಲಿಯ ಮೇಲೆಯೇ ಕುಳಿತಳು. ಅತ್ತಿಗೆ ತುಂಬು ಬಸುರಿಯಾಗಿ, ಚೊಂಬಿನಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತಳು. ಅಮ್ಮ ಆಕೆಯ ಊದಿದ ಪಾದಗಳನ್ನು ನೋಡಿದಳೇ ಹೊರತು ಚೊಂಬಿಗೆ ಕೈ ನೀಡಲಿಲ್ಲ.

“ಕೂತ್ಕೊಳಮ್ಮ, ನಿಂತ್ಕೋಬೇಡ” ಎಂದಳು. ಅತ್ತಿಗೆ ಕೂರಲಿಲ್ಲ.

ಅಣ್ಣ ಮಾತನಾಡದೆ ಮರದ ಮೀನನ್ನು ತೆಗೆದುಕೊಂಡು ಕಡಲಿಗೆ ನಡೆದ. ನಾನೂ ಹಿಂದೆಯೇ ಹೋದೆ. ಎಸೆದ, ಎಳೆದ, ಎಸೆದ, ಎಳೆದ. ಬಿಸಿಲೇರಿತು. ಕೊನೆಗೊಮ್ಮೆ ದಾರ ಬಿಗಿಯಾಗಿ ಅವನ ಕೈ ಮುಂದಕ್ಕೆ ಜಗ್ಗಿ, ತಟ್ಟನೆ ಸಡಿಲವಾಯಿತು. ಎಳೆದು ನೋಡಿದರೆ ರೇಷ್ಮೆ ಪಕ್ಕದಲ್ಲಿ ಹರಿದಿತ್ತು. ನೀರಿನೊಳಗೆ ಬಂಡೆಗಳೂ ಇದ್ದವು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಅವನು ಅದನ್ನು ಹಾಗೆಯೇ ತಂದು ಅಮ್ಮನ ಅಂಗೈಯಲ್ಲಿಟ್ಟ. “ಕಲ್ಲೋ ಮೀನೋ ಗೊತ್ತಾಗ್ಲಿಲ್ಲ ಕಣಮ್ಮ” ಎಂದ. ಅತ್ತಿಗೆ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು. ಅಮ್ಮ ಹರಿದ ಜಾಗವನ್ನು ಬೆರಳಿನಿಂದ ಬಿಡಿಸಿ, ಬೆಳಕಿಗೆ ಹಿಡಿದು, ಎಳೆ ಎಳೆಯಾಗಿ ನೋಡಿದಳು.

“ಕಲ್ಲಿಗೆ ಸಿಕ್ಕಿದ ರೇಷ್ಮೆ ಹಿಂಗೆ ಹರಿಯಲ್ಲ. ಇದು ಕಚ್ಚಿರೋದು” ಎಂದಳು. ಆಮೇಲೆ ಮೆಲ್ಲಗೆ, “ಪಾಪ, ಅದರ ಬಾಯಿ ಎಷ್ಟು ನೋಯ್ತೋ” ಎಂದು ಹೇಳಿ, ಸೊಸೆಯ ಕಡೆಗೆ ಕೈ ಚಾಚಿದಳು. “ಕೊಡಮ್ಮ ನೀರು.”

ಅದು ಕಲ್ಲೋ ಮೀನೋ ನನಗೆ ಇಂದಿಗೂ ತಿಳಿಯದು. ನಿನ್ನೆ ನಡುಬೀದಿಯಲ್ಲಿ ನಿಂತು ಮತ್ತೊಮ್ಮೆ ಯೋಚಿಸಿದೆ. ‘ಇದು ಕಚ್ಚಿರೋದು’ ಎಂಬ ಅಮ್ಮನ ವಾಕ್ಯಕ್ಕೆ ಕರ್ತೃಪದವಿಲ್ಲದಿದ್ದರೂ ನಡೆಯುತ್ತದೆ ಎಂದು ಮೊದಲ ಬಾರಿಗೆ ಅನ್ನಿಸಿ, ಹಾಲಿನ ಪಾತ್ರೆ ಹಿಡಿದು ಮುಂದೆ ನಡೆದೆ. ನಿಮಗೆ ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಅಮ್ಮ ಆ ಮನೆಯ ನೀರನ್ನು ಕುಡಿದದ್ದು ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ ಮೇ ತಿಂಗಳ ಹದಿನೇಳನೆಯ ತಾರೀಖು, ಭಾನುವಾರ.