ಧೂಳಿನ ಔಷಧ

ಮೊಮ್ಮಗಳಿಗೆಂದು ತಂದ ಅಲರ್ಜಿ ಸಿರಪ್ಪಿನ ಮುಚ್ಚಳ ತೆಗೆದಾಗ ಕಿತ್ತಳೆ ಪೆಪ್ಪರಮಿಂಟಿನ ವಾಸನೆ ಬಂತು. ಅದೇ ವಾಸನೆ... ಅಂದು ನಾನು ನಿಂತಿದ್ದದ್ದು ಸಂಡೂರಿನಲ್ಲಿ, ನಮ್ಮ ಬೀದಿಯ ಔಷಧದ ಅಂಗಡಿಯ ಮೆಟ್ಟಿಲ ಮೇಲೆ, ಎಡಗಡೆ. ಅಮ್ಮನ ಮಾತ್ರೆಗೆ ಹೋಗಿದ್ದೆ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳು. ಮಧ್ಯಾಹ್ನ.

ಅಂಗಡಿಯವರನ್ನು ಇಡೀ ಬೀದಿ ಮಾಮ ಎನ್ನುತ್ತಿತ್ತು. ಗಾಜಿನ ಕಪಾಟನ್ನು ಅವರು ಎಷ್ಟು ಸಲ ಒರೆಸಿದರೂ ಬಟ್ಟೆ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಅಲರ್ಜಿ ಎಂಬ ಮಾತು ಆಗ ನಮ್ಮವರ ಬಾಯಲ್ಲಿ ಇರಲಿಲ್ಲ. ಮಕ್ಕಳ ಮೂಗು ಸೋರಿದರೂ ಕೆಮ್ಮು ಹತ್ತಿದರೂ ತಾಯಂದಿರು ಬಂದು ‘ಧೂಳಿನ ಔಷಧ’ ಕೇಳುತ್ತಿದ್ದರು. ಮಾಮನ ಬಳಿ ಎರಡು ಬಗೆಯಿದ್ದವು. ಒಂದನ್ನು ಕುಡಿದರೆ ಮಗು ನಿದ್ದೆ ಹೋಗುತ್ತಿತ್ತು, ಇನ್ನೊಂದಕ್ಕೆ ಅಷ್ಟು ನಿದ್ದೆ ಬರುತ್ತಿರಲಿಲ್ಲ. ಎಲ್ಲರೂ ನಿದ್ದೆಯದನ್ನೇ ಆರಿಸುತ್ತಿದ್ದರು. ಮಗು ಮಲಗಿತೆಂದರೆ ಆರಾಮಾಯಿತು ಎಂದೇ ಅರ್ಥ. ಮಾಮನೂ ಹಾಗೇ ತಿಳಿದಿದ್ದರು.

ಬಂಡ್ರಿ ಎಂಬ ಹಳ್ಳಿಯ ಹೆಂಗಸೊಬ್ಬಳು ಎಳೆಯ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹಿಂದಿನ ಸಂತೆಯ ದಿನ ಆ ನಿದ್ದೆಯ ಔಷಧದ ಬಾಟಲಿಯನ್ನೇ ಒಯ್ದಿದ್ದಳು.

“ಮಾಮ, ಅದ ಔಷಧ ಇನ್ನೊಂದ್ ಕೊಡ್ರಿ. ಕುಡಿಸಿದ್ರ ಸಾಕು, ನಿಮ್ಮಂಗ ಹಗಲೊತ್ತು ಗೊರಕಿ ಹೊಡಿತಾನ.”

“ನನ್ನ ಗೊರಕಿ ಬಂಡ್ರಿತನಕ ಕೇಳಿಸ್ತೈತೇನವಾ?”

“ಲಾರಿ ಸಪ್ಪಳಾನ ಮುಚ್ಚಿ ಹಾಕ್ತೈತಿ,” ಎಂದರು ಒಳಗೆ ಕೂತಿದ್ದ ಮಾಮನ ಹೆಂಡತಿ. ಎಲ್ಲರೂ ನಕ್ಕೆವು.

ಬಾಟಲಿ ಕೊಡಲು ಕೈ ಚಾಚಿದ ಮಾಮ ಅಲ್ಲೇ ನಿಂತರು. ಹುಡುಗನ ಅಂಗಿ ಮೇಲೆ ಸರಿದಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅದು ಗೊರಕೆಯಾಗಿರಲಿಲ್ಲ.

“ಎಬ್ಬಿಸವಾ ಅವನ್ನ.”

“ಬ್ಯಾಡ್ರಿ, ಆರಾಮ ಮಲಗ್ಯಾನ.”

“ಎಬ್ಬಿಸು.”

ಹುಡುಗ ಏಳಲಿಲ್ಲ. ತುಟಿ ಕಪ್ಪಿಟ್ಟಿತ್ತು.

ಮಾಮ ಇಬ್ಬರನ್ನೂ ಆಟೋ ಹತ್ತಿಸಿ ತಾವೂ ಹತ್ತಿದರು. ಲಾರಿಗಳ ಸಾಲಿನಲ್ಲಿ ಆಟೋ ಸಿಕ್ಕಿಕೊಂಡದ್ದು ನನಗೆ ಮೆಟ್ಟಿಲಿಂದಲೇ ಕಾಣುತ್ತಿತ್ತು. ಬಹಳ ಹೊತ್ತು ಕಾಣುತ್ತಿತ್ತು...

ಸಂಜೆಗೆ ಹುಡುಗ ತೀರಿಕೊಂಡ. ಅದು ದಮ್ಮು, ಅದಕ್ಕೆ ಈ ಔಷಧವಲ್ಲ ಎಂದರಂತೆ ಆಸ್ಪತ್ರೆಯಲ್ಲಿ.

ಮಾಮ ಮರುದಿನ ಅಂಗಡಿ ತೆಗೆದರು. ಆಮೇಲೆ ಯಾರೇ ಧೂಳಿನ ಔಷಧ ಕೇಳಲಿ, “ಕೂಸು ಎದ್ದು ಆಡ್ತೈತೇನು? ಕರ್ಕೊಂಡ್ ಬರ್ರಿ, ನೋಡ್ತೀನಿ,” ಎನ್ನುತ್ತಿದ್ದರು. ಕೆಮ್ಮುವ ಮಗುವಿದ್ದರೆ ಏನೂ ಕೊಡದೆ ಡಾಕ್ಟರ ಬಳಿ ಕಳಿಸುತ್ತಿದ್ದರು. ಸಿಟ್ಟಾದವರು ಬೇರೆ ಅಂಗಡಿ ನೋಡಿಕೊಂಡರು.

ಮಾಮ ಈಗಿಲ್ಲ. ಅಂಗಡಿಯಿದ್ದಲ್ಲಿ ಮೊಬೈಲ್ ಮಾರುತ್ತಾರೆ. ಅವರ ಹೆಂಡತಿ ಮರಿಯಮ್ಮನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ. ಆ ತಾಯಿ ಬಂಡ್ರಿಯಲ್ಲೇ ಇದ್ದಾಳೆ. ಮಗ ನಿದ್ದೆಯಲ್ಲೇ ಹೋದ, ಏನೂ ಸಂಕಟಪಡಲಿಲ್ಲ ಎಂದು ಈಗಲೂ ಹೇಳುತ್ತಾಳಂತೆ. ಆ ಪಕ್ಕೆಲುಬಿನ ಗುಳಿ ಕಂಡು, ಹಾಗಲ್ಲ ಎಂದು ಬಲ್ಲವರಲ್ಲಿ ಈಗ ಉಳಿದವನು ನಾನೊಬ್ಬನೇ.