ಹಾರುವ ಟೆಂಪೋದ ಹಿಂದಿನ ಮೆಟ್ಟಿಲು

ಗುರುಬಸವ ಹದಿನೆಂಟು ವರ್ಷದಿಂದ ಮುಗದ–ಧಾರವಾಡ ಟೆಂಪೋ ಓಡಿಸುತ್ತಿದ್ದ. ಒಳಗೆ ಹದಿನಾಲ್ಕು, ಹಿಂದಿನ ಮೆಟ್ಟಿಲ ಮೇಲೆ ನಾಲ್ಕು ಮಂದಿ ಆಗದೆ ಗಾಡಿ ಬಿಟ್ಟವನಲ್ಲ.

೨೦೦೯ರಲ್ಲಿ ಮಗಳು ಸೌಮ್ಯಾ ಒಂದು ವಿಡಿಯೋ ಗೇಮ್ ತಂದಳು. ಭಾಗಗಳನ್ನು ಜೋಡಿಸಿ ನಾವೇ ಗಾಡಿ ಕಟ್ಟಬೇಕು. ಅದು ರಸ್ತೆಯಲ್ಲೂ ಓಡಬೇಕು, ಆಕಾಶದಲ್ಲೂ ಹಾರಬೇಕು.

ಗುರುಬಸವ ಕಟ್ಟಿದ ಗಾಡಿ ಚೆನ್ನಾಗಿಯೇ ಓಡಿತು. ಹಾರಲು ರೆಕ್ಕೆ ಚಾಚಿದರೂ ಬಾಲ ಮಾತ್ರ ನೆಲ ಬಿಡಲಿಲ್ಲ.

“ಅಪ್ಪಾ, ಹಿಂದ ಇಷ್ಟು ಅಗಲ ಮೆಟ್ಟಲಾ ಯಾಕ?”

“ಮತ್ತ ಮಂದಿ ಎಲ್ಲಿ ನಿಂದರಬೇಕು?”

“ಆಟದಾಗ ಡ್ರೈವರ್ ಒಬ್ಬನ ಇರತಾನ.”

ಇಂಥ ಸರ್ವೀಸ್ ಯಾರಿಗೆ ಬೇಕು ಎಂದು ಗೊಣಗುತ್ತ ಗುರುಬಸವ ಮೆಟ್ಟಿಲು ಕಿತ್ತ. ಗಾಡಿ ಹಾರಿತು, ಇಳಿಯುವಾಗ ಮೂತಿ ನೆಲಕ್ಕೆ ಬಡಿದು ಪಲ್ಟಿ ಹೊಡೆಯಿತು.

“ನೋಡಿದೇನು? ಹಿಂದ ಭಾರ ಬೇಕ ಬೇಕು.”

ಅರ್ಧ ಮೆಟ್ಟಿಲು ಮತ್ತೆ ಕೂರಿಸಿದ. ಈ ಸಲ ಗಾಡಿ ಹಾರಿತು, ಇಳಿಯಿತು, ರಸ್ತೆ ಹಿಡಿದು ಓಡಿತು. ಸೌಮ್ಯಾ ಚಪ್ಪಾಳೆ ತಟ್ಟುವಷ್ಟರಲ್ಲಿ ಅವನು ಅದನ್ನು ಖಾಲಿ ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಐದು ನಿಮಿಷವಾದರೂ ಕದಲಿಸಲಿಲ್ಲ.

“ಯಾಕ ನಿಲ್ಲಿಸಿದಿ ಅಪ್ಪಾ? ಲಗೂ ಹಾರಸು.”

“ತಡಿಯವಾ, ಇನ್ನಾ ಸೀಟ್ ತುಂಬಿಲ್ಲ.”